ಮಾನವ ಹಿಸ್ಟೋನು ಎಂಬ ಹೆಸರು: ಪ್ರಯೋಗಶಾಲೆಯ ನ್ಯೂಕ್ಲಿಯೊಸೋಮನ್ನು ಕುರಿತು ಒಂದು ವಿಮರ್ಶೆ

ಜೀವರಸಾಯನಶಾಸ್ತ್ರದ ಪ್ರಯೋಗಶಾಲೆಗಳಿಗೆ ಇಂದು ಸುಲಭವಾಗಿ ದೊರೆಯುವ ವಸ್ತುಗಳಲ್ಲಿ ‘ಪುನಸ್ಸಂಯೋಜಿತ ಮಾನವ ಹಿಸ್ಟೋನು’ ಎಂಬುದೂ ಒಂದು. ಬೆರಳಿನ ತುದಿಯಷ್ಟು ಗಾತ್ರದ ನಳಿಕೆಯಲ್ಲಿ, ಕೆಲವು ಮೈಕ್ರೋಗ್ರಾಮುಗಳ ಪ್ರಮಾಣದಲ್ಲಿ ಅದು ಬರುತ್ತದೆ. ನಳಿಕೆಯ ಮೇಲಿನ ಚೀಟಿಯಲ್ಲಿ ‘ಮಾನವ’ ಎಂದು ಸ್ಪಷ್ಟವಾಗಿ ಅಚ್ಚಾಗಿರುತ್ತದೆ. ಒಳಗಿರುವ ಪ್ರೋಟೀನು ಮಾತ್ರ ಯಾವ ಮನುಷ್ಯನ ದೇಹದಲ್ಲಿಯೂ ಇದ್ದುದಲ್ಲ. ಎಷೆರಿಕಿಯ ಕೋಲಿ ಎಂಬ ಬ್ಯಾಕ್ಟೀರಿಯದಲ್ಲಿ ಅದು ಹುಟ್ಟಿತು, ಅಲ್ಲಿ ಮುದ್ದೆಗಟ್ಟಿತು, ಉಗ್ರವಾದ ರಾಸಾಯನಿಕಗಳಲ್ಲಿ ಬಿಚ್ಚಿಕೊಂಡು, ಮತ್ತೆ ಉಪ್ಪಿನ ನೀರಿನಲ್ಲಿ ಮಡಿಸಿಕೊಂಡಿತು. ಅದರಲ್ಲಿ ಮಾನವನದೆಂಬುದು ಅಮೈನೊ ಆಮ್ಲಗಳ ಅನುಕ್ರಮವೊಂದೇ. ಅನುಕ್ರಮವೊಂದರಿಂದಲೇ ಪ್ರೋಟೀನಿಗೆ ‘ಮಾನವ’ ಎಂಬ ವಿಶೇಷಣ ಸಲ್ಲುತ್ತದೆಯೇ, ಸಲ್ಲುವುದಾದರೆ ಯಾವ ಪ್ರಶ್ನೆಗಳ ಮಟ್ಟಿಗೆ ಸಲ್ಲುತ್ತದೆ, ಎಂಬುದು ಈ ಲೇಖನದ ವಿಚಾರ. ವಿಷಯವು ಹೆಸರಿನ ಜಗಳವೆಂದು ಮೇಲುನೋಟಕ್ಕೆ ತೋರಬಹುದು. ಕಳೆದ ಮೂವತ್ತು ವರ್ಷಗಳ ಸಾಹಿತ್ಯವನ್ನು ಓದಿದವರಿಗೆ, ಈ ವಿಶೇಷಣದ ಬಲದ ಮೇಲೆ ಎಷ್ಟೊಂದು ತೀರ್ಮಾನಗಳು ನಿಂತಿವೆ ಎಂಬುದು ತಿಳಿದೇ ಇದೆ. ಅವುಗಳಲ್ಲಿ ಕೆಲವು ರಕ್ತದ ಅರ್ಬುದಕ್ಕೆ ಔಷಧವನ್ನು ಹುಡುಕುವ ಕೆಲಸಕ್ಕೆ ಸಂಬಂಧಿಸಿದವು.

ಹಿಸ್ಟೋನಿನ ಚರಿತ್ರೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಆಲ್ಬ್ರೆಕ್ಟ್ ಕಾಸೆಲ್ 1884ರಲ್ಲಿ ಹೆಬ್ಬಾತಿನ ಕೆಂಪು ರಕ್ತಕಣಗಳಿಂದ ಈ ಕ್ಷಾರಗುಣದ ಪ್ರೋಟೀನನ್ನು ಬೇರ್ಪಡಿಸಿ ಹೆಸರಿಟ್ಟನು. 1910ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. 1950ರಲ್ಲಿ ಸ್ಟೆಡ್‌ಮನ್ ದಂಪತಿಗಳು ಹಿಸ್ಟೋನುಗಳು ಜೀನುಗಳ ಕಾರ್ಯವನ್ನು ತಡೆಯುತ್ತಿರಬಹುದೆಂದು ಸೂಚಿಸಿದರು. 1964ರಲ್ಲಿ ಆಲ್‌ಫ್ರೇ, ಫಾಕ್ನರ್ ಮತ್ತು ಮಿರ್ಸ್‌ಕಿ ಎಂಬವರು ಹಿಸ್ಟೋನುಗಳ ಅಸಿಟೈಲೀಕರಣಕ್ಕೂ ಆರ್.ಎನ್.ಎ. ಸಂಶ್ಲೇಷಣೆಗೂ ಇರುವ ಸಂಬಂಧವನ್ನು ಎತ್ತಿ ತೋರಿಸಿದರು. 1974ರಲ್ಲಿ ರಾಜರ್ ಕಾರ್ನ್‌ಬರ್ಗ್ ಎಂಟು ಹಿಸ್ಟೋನುಗಳ ಗುಂಪೊಂದರ ಸುತ್ತ ಡಿ.ಎನ್.ಎ. ಸುತ್ತಿಕೊಂಡಿರುವ ಘಟಕವನ್ನು ಪ್ರತಿಪಾದಿಸಿದನು. ಅದೇ ಇಂದು ನಾವು ನ್ಯೂಕ್ಲಿಯೊಸೋಮ್ ಎಂದು ಕರೆಯುವ ಘಟಕ. ಎಚ್3 ಮತ್ತು ಎಚ್4 ಎರಡೆರಡು ಸೇರಿ ನಡುವಿನ ಚತುಷ್ಕವಾಗುತ್ತವೆ. ಎಚ್2ಎ ಮತ್ತು ಎಚ್2ಬಿ ಜೋಡಿಗಳು ಎರಡು ಕಡೆಯಿಂದ ಬಂದು ಸೇರಿಕೊಳ್ಳುತ್ತವೆ.

ಈ ಕಾಲದವರೆಲ್ಲರೂ ಬಳಸುತ್ತಿದ್ದುದು ಪ್ರಾಣಿಗಳ ಅಂಗಾಂಶದಿಂದ ತೆಗೆದ ಹಿಸ್ಟೋನನ್ನು: ಕರುವಿನ ಥೈಮಸ್ ಗ್ರಂಥಿ, ಕೋಳಿಯ ರಕ್ತಕಣ, ಮುಂದೆ ಸಾಕಿ ಬೆಳೆಸಿದ ಮಾನವಕೋಶಗಳು. ಅದರ ಗುಣವೂ ದೋಷವೂ ಒಂದೇ. ಅದು ಜೀವಂತ ಕೋಶದಿಂದ ಬಂದದ್ದು. ಆದಕಾರಣವೇ ಅದು ಮಿಶ್ರಣ. ಒಂದು ಅಣುವಿಗೆ ಅಸಿಟೈಲ್ ಗುಂಪು ಅಂಟಿದ್ದರೆ ಇನ್ನೊಂದಕ್ಕೆ ಮಿಥೈಲ್ ಗುಂಪು, ಮೂರನೆಯದಕ್ಕೆ ಎರಡೂ, ನಾಲ್ಕನೆಯದು ಹೆಸರಿಗೆ ಅದೇ ಆದರೂ ಬೇರೆ ಜೀನಿನಿಂದ ಹುಟ್ಟಿದ ರೂಪಾಂತರ. ಇಂಥ ಮಿಶ್ರಣಕ್ಕೆ ಕಿಣ್ವವೊಂದನ್ನು ಸೇರಿಸಿ ‘ಇದು ಇಂಥ ಸ್ಥಾನದಲ್ಲಿ ಕೆಲಸಮಾಡುತ್ತದೆ’ ಎಂದರೆ, ಮೊದಲೇ ಗುರುತುಗಳಿದ್ದ ಹಾಳೆಯ ಮೇಲೆ ಹೊಸ ಗುರುತನ್ನು ಹುಡುಕಿದಂತಾಗುತ್ತದೆ.

ಈ ಕಷ್ಟವನ್ನು ಕಳೆದದ್ದು 1997ರ ಕೆಲಸ. ಕರೊಲಿನ್ ಲ್ಯೂಗರ್, ತಿಮೊಥಿ ರಿಚ್‌ಮಂಡ್ ಮತ್ತು ಅವರ ಸಂಗಡಿಗರು ಜ್ಯೂರಿಕ್ ನಗರದಲ್ಲಿ ನಾಲ್ಕು ಹಿಸ್ಟೋನುಗಳನ್ನೂ ಬ್ಯಾಕ್ಟೀರಿಯದಲ್ಲಿ ತಯಾರಿಸಿ, 146 ಜೋಡಿ ಪ್ರತ್ಯಾಮ್ಲಗಳ ನಿಶ್ಚಿತ ಡಿ.ಎನ್.ಎ. ತುಂಡಿನೊಡನೆ ಕಟ್ಟಿ, ಆ ನ್ಯೂಕ್ಲಿಯೊಸೋಮಿನ ಸ್ಫಟಿಕದ ರಚನೆಯನ್ನು 2.8 ಆಂಗ್‌ಸ್ಟ್ರಾಮ್ ಸೂಕ್ಷ್ಮತೆಯಲ್ಲಿ ಪ್ರಕಟಿಸಿದರು. 1984ರಲ್ಲಿ ಸಹಜವಾದ ನ್ಯೂಕ್ಲಿಯೊಸೋಮುಗಳಿಂದ ದೊರೆತಿದ್ದ ರಚನೆ 7 ಆಂಗ್‌ಸ್ಟ್ರಾಮಿನದು. ಅದರಲ್ಲಿ ಸುರುಳಿಗಳ ಸಾಗಾಟ ಕಾಣುತ್ತಿತ್ತೇ ಹೊರತು ಪರಮಾಣುಗಳಲ್ಲ. ಅಣುಗಳೆಲ್ಲವೂ ಒಂದೇ ತೆರನಾಗಿದ್ದರೆ ಸ್ಫಟಿಕದಲ್ಲಿ ಸಾಲು ಕೆಡುವುದಿಲ್ಲ ಎಂಬ ಸರಳವಾದ ತತ್ತ್ವವೇ ಈ ಅಂತರಕ್ಕೆ ಮುಖ್ಯ ಕಾರಣಗಳಲ್ಲೊಂದು. 2002ರಲ್ಲಿ ಅದೇ ಗುಂಪಿನವರು 147 ಜೋಡಿಗಳ ಡಿ.ಎನ್.ಎ.ಯೊಡನೆ 1.9 ಆಂಗ್‌ಸ್ಟ್ರಾಮಿನವರೆಗೆ ಹೋದರು. ಈ ಸಾಧನೆಯನ್ನು ಕಡಿಮೆಯೆಣಿಸುವ ಉದ್ದೇಶ ನಮಗೆ ಎಳ್ಳಷ್ಟೂ ಇಲ್ಲ. ಇಪ್ಪತ್ತನೆಯ ಶತಮಾನದ ರಚನಾತ್ಮಕ ಜೀವಶಾಸ್ತ್ರದಲ್ಲಿ ಇದಕ್ಕೆ ಸರಿಗಟ್ಟುವ ಕೆಲಸಗಳು ಹೆಚ್ಚಿಲ್ಲ.

ಹೀಗಿದ್ದರೂ ಆ ಲೇಖನವನ್ನು ನಿಧಾನವಾಗಿ ಓದಿದ ವಿದ್ಯಾರ್ಥಿಗೆ ಎರಡು ಸಂಗತಿಗಳು ಎದ್ದು ಕಾಣಬೇಕು. ಮೊದಲನೆಯದು, ಹಿಸ್ಟೋನುಗಳು ಮನುಷ್ಯನವಲ್ಲ, ಜೆನೋಪಸ್ ಎಂಬ ಆಫ್ರಿಕದ ಕಪ್ಪೆಯವು. ಮಾನವನ ಸಂಬಂಧವಿದ್ದುದು ಡಿ.ಎನ್.ಎ.ಗೆ, ಅದನ್ನು ಮಾನವ ವರ್ಣತಂತುವಿನ ಆಲ್ಫ ಸ್ಯಾಟಿಲೈಟ್ ಅನುಕ್ರಮದಿಂದ ರೂಪಿಸಿದ್ದರು. ಮಾನವ ಹಿಸ್ಟೋನುಗಳಿಂದಲೇ ಕಟ್ಟಿದ ನ್ಯೂಕ್ಲಿಯೊಸೋಮಿನ ಸ್ಫಟಿಕರಚನೆ ಜಪಾನಿನಿಂದ 2005ರಲ್ಲಿ ಬಂದಿತು. ಎಚ್4 ಕಪ್ಪೆಗೂ ಮನುಷ್ಯನಿಗೂ ಒಂದೇ. ಎಚ್3 ಹೆಚ್ಚುಕಡಮೆ ಒಂದೇ. ಉಳಿದ ಎರಡರಲ್ಲಿ ಮಾತ್ರ ವ್ಯತ್ಯಾಸ ಸ್ವಲ್ಪ ಹೆಚ್ಚು. ಬಟಾಣಿಯ ಎಚ್4ಕ್ಕೂ ಕರುವಿನ ಎಚ್4ಕ್ಕೂ 102 ಸ್ಥಾನಗಳಲ್ಲಿ ಎರಡೇ ಸ್ಥಾನಗಳ ಭೇದವೆಂದು 1969ರಷ್ಟು ಹಿಂದೆಯೇ ತಿಳಿದಿರುವಾಗ, ಕಪ್ಪೆಯ ಹಿಸ್ಟೋನನ್ನು ಬಳಸಿದುದು ದೋಷವೆನ್ನಲಾಗದು. ಎರಡನೆಯ ಸಂಗತಿ ಹೆಚ್ಚು ಗಂಭೀರವಾದುದು. ಹಿಸ್ಟೋನಿನ ‘ಬಾಲ’ಗಳು, ಎಂದರೆ ಡಿ.ಎನ್.ಎ.ಯ ಸುತ್ತಿನಿಂದ ಹೊರಗೆ ಚಾಚಿಕೊಂಡಿರುವ ತುದಿಗಳು, ಸ್ಫಟಿಕದಲ್ಲಿ ಬಹುಪಾಲು ಕಾಣುವುದೇ ಇಲ್ಲ. ಅವು ಒಂದೆಡೆ ನಿಲ್ಲುವುದಿಲ್ಲ. ಅಸಿಟೈಲೀಕರಣ ಮಿಥೈಲೀಕರಣಗಳ ಬಹುಭಾಗ ನಡೆಯುವುದು ಆ ಬಾಲಗಳಲ್ಲಿಯೇ. ನಮ್ಮ ಪಠ್ಯಪುಸ್ತಕಗಳಲ್ಲಿ ಬಣ್ಣಬಣ್ಣವಾಗಿ ಅಚ್ಚಾಗುವ ಚಿತ್ರದಲ್ಲಿ ಬಾಲಗಳನ್ನು ನೀಟಾಗಿ ಬಳುಕಿಸಿ ಬರೆದಿರುತ್ತಾರೆ. ಅದು ಬಹುಮಟ್ಟಿಗೆ ಚಿತ್ರಕಾರನ ಕೈವಾಡವೆಂದು ಅಧ್ಯಾಪಕರು ತರಗತಿಯಲ್ಲಿ ಹೇಳುವುದು ಒಳ್ಳೆಯದು.

ಈಗ ತಯಾರಿಕೆಯ ಕ್ರಮವನ್ನು ಸ್ವಲ್ಪ ನಿಂತು ನೋಡೋಣ. ನಮ್ಮ ವಿಮರ್ಶೆಯ ಬೇರು ಅಲ್ಲಿದೆ.

ಎಚ್4ರ 102 ಅಮೈನೊ ಆಮ್ಲಗಳಲ್ಲಿ ಆರ್ಜಿನೀನು 14, ಲೈಸೀನು 11; ನಾಲ್ಕರಲ್ಲೊಂದು ಪಾಲು ಧನಾವೇಶವುಳ್ಳದ್ದು. ಮಾನವ ಜೀನಿನಲ್ಲಿ ಆರ್ಜಿನೀನಿಗೆ ಬರುವ ಕೆಲವು ತ್ರಿವಳಿ ಸಂಕೇತಗಳು ಬ್ಯಾಕ್ಟೀರಿಯದಲ್ಲಿ ವಿರಳವಾದುವು. ಆದಕಾರಣ ಜೀನನ್ನು ಬ್ಯಾಕ್ಟೀರಿಯಕ್ಕೆ ಒಗ್ಗುವಂತೆ ಹೊಸದಾಗಿ ಬರೆಯುತ್ತಾರೆ. ಹೀಗೆ ‘ಮಾನವ’ ಹಿಸ್ಟೋನಿನ ಜೀನು ಸಹ ಅನೇಕ ವೇಳೆ ಮಾನವನದಾಗಿರುವುದಿಲ್ಲ. ಅದರ ಅರ್ಥ ಮಾತ್ರ ಮಾನವನದು. ಬ್ಯಾಕ್ಟೀರಿಯದೊಳಗೆ ಹುಟ್ಟಿದ ಹಿಸ್ಟೋನು ಗಟ್ಟಿಯಾದ ಕಣಗಳಾಗಿ ಮುದ್ದೆಗಟ್ಟುತ್ತದೆ. ಅದನ್ನು 6ರಿಂದ 7 ಮೋಲಾರ್ ಗ್ವಾನಿಡೀನಿಯಂ ಕ್ಲೋರೈಡಿನಲ್ಲಿ ಕರಗಿಸಿ, ಯೂರಿಯದ ದ್ರಾವಣದಲ್ಲಿ ಶುದ್ಧಿಗೊಳಿಸಿ, ನಾಲ್ಕನ್ನೂ ಸಮಪ್ರಮಾಣದಲ್ಲಿ ಬೆರಸಿ, 2 ಮೋಲಾರ್ ಉಪ್ಪಿನ ದ್ರಾವಣಕ್ಕೆ ಡಯಾಲಿಸಿಸ್ ಮಾಡುತ್ತಾರೆ. ಆಗ ಅಷ್ಟಕವು ತಾನಾಗಿಯೇ ಕೂಡಿಕೊಳ್ಳುತ್ತದೆ. ಬಳಿಕ ಡಿ.ಎನ್.ಎ.ಯನ್ನು ಸೇರಿಸಿ ಉಪ್ಪನ್ನು 2 ಮೋಲಾರಿನಿಂದ ಕಾಲು ಮೋಲಾರಿನವರೆಗೆ ಮೆಲ್ಲಮೆಲ್ಲಗೆ ಇಳಿಸಿದರೆ ನ್ಯೂಕ್ಲಿಯೊಸೋಮ್ ಸಿದ್ಧವಾಗುತ್ತದೆ. ಈ ವಿಧಾನವನ್ನು 1999ರಲ್ಲಿ ಲ್ಯೂಗರ್, ರೆಕ್‌ಸ್ಟೈನರ್ ಮತ್ತು ರಿಚ್‌ಮಂಡ್ ವಿವರವಾಗಿ ಬರೆದಿಟ್ಟರು. ಇಂದಿಗೂ ಬಹುಪಾಲು ಪ್ರಯೋಗಶಾಲೆಗಳು ಅನುಸರಿಸುವುದು ಅದನ್ನೇ ಅಥವಾ ಅದರ ಸಣ್ಣಪುಟ್ಟ ಮಾರ್ಪಾಟುಗಳನ್ನು. ಜೀವಕೋಶದಲ್ಲಾದರೋ ಈ ಕೆಲಸವನ್ನು ಬೇರೆ ಪ್ರೋಟೀನುಗಳು ಕೈಹಿಡಿದು ನಡಸುತ್ತವೆ. ಅಲ್ಲಿ ಯಾರೂ 2 ಮೋಲಾರ್ ಉಪ್ಪನ್ನು ಸುರಿಯುವುದಿಲ್ಲ.

ಯೂರಿಯದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಹಳೆಯದಾದ ಅಥವಾ ಬಿಸಿಮಾಡಿದ ಯೂರಿಯ ದ್ರಾವಣದಲ್ಲಿ ಸಯನೇಟ್ ಹುಟ್ಟುತ್ತದೆ. ಅದು ಲೈಸೀನಿಗೂ ಪ್ರೋಟೀನಿನ ಮೊದಲ ತುದಿಗೂ ಅಂಟಿಕೊಂಡು ಕಾರ್ಬಮೈಲೀಕರಣವೆಂಬ ವಿಕಾರವನ್ನುಂಟುಮಾಡುತ್ತದೆ. ಇದರಿಂದ ಅಣುವಿನ ತೂಕ 43 ಡಾಲ್ಟನ್ ಹೆಚ್ಚುತ್ತದೆ. ಅಸಿಟೈಲ್ ಗುಂಪಿನಿಂದ ಹೆಚ್ಚುವುದು 42. ಹದಿನೈದು ಸಾವಿರ ಡಾಲ್ಟನ್ ತೂಗುವ ಎಚ್3ರಲ್ಲಿ ಈ ಒಂದು ಡಾಲ್ಟನ್ನಿನ ಅಂತರವನ್ನು ಗುರುತಿಸಲು ಒಳ್ಳೆಯ ದ್ರವ್ಯರಾಶಿ ಮಾಪಕವೂ ಒಳ್ಳೆಯ ಕಣ್ಣೂ ಬೇಕು. ಎರಡು ವಿಕಾರಗಳೂ ಲೈಸೀನಿನ ಧನಾವೇಶವನ್ನು ಅಳಿಸುತ್ತವೆ. ‘ಯಾವ ಗುರುತೂ ಇಲ್ಲದ ಶುದ್ಧ ಹಿಸ್ಟೋನು’ ಎಂದು ತಂದುಕೊಂಡ ವಸ್ತುವಿನಲ್ಲಿ, ನಾವು ಹುಡುಕುತ್ತಿರುವ ಗುರುತಿನ ಛದ್ಮವೇಷವೊಂದು ಮೊದಲೇ ಕುಳಿತಿರಬಹುದು. ಹೊಸದಾಗಿ ಕರಗಿಸಿ ಅಯಾನುಗಳನ್ನು ತೆಗೆದ ಯೂರಿಯವನ್ನೇ ಬಳಸಬೇಕೆಂಬ ನಿಯಮ ಬರೆದಿಟ್ಟ ವಿಧಾನಗಳಲ್ಲಿ ಇದೆ. ಪಾಲನೆಯಾಯಿತೇ ಎಂಬುದು ನಳಿಕೆಯ ಚೀಟಿಯಿಂದ ತಿಳಿಯುವುದಿಲ್ಲ.

ತುದಿಯ ವಿಚಾರವೂ ಹೀಗೆಯೇ. ಮಾನವಕೋಶದಲ್ಲಿ ಎಚ್4 ಮತ್ತು ಎಚ್2ಎಗಳ ಮೊದಲ ಸೆರೀನು ಹುಟ್ಟುವಾಗಲೇ ಅಸಿಟೈಲ್ ಗುಂಪನ್ನು ಪಡೆಯುತ್ತದೆ. ಅದಕ್ಕೆಂದೇ ಪ್ರತ್ಯೇಕ ಕಿಣ್ವವಿದೆ. ಬ್ಯಾಕ್ಟೀರಿಯದಲ್ಲಿ ಆ ಕಿಣ್ವವಿಲ್ಲ. ಬ್ಯಾಕ್ಟೀರಿಯವು ಮೊದಲ ಮಿಥಿಯೊನೀನನ್ನು ಕತ್ತರಿಸಿ ತೆಗೆಯುತ್ತದೆ ಎಂಬಷ್ಟಕ್ಕೆ ಅದು ನಮಗೆ ಉಪಕಾರಿ; ಉಳಿದ ತುದಿ ಬೆತ್ತಲೆಯಾಗಿ, ಕೋಶದಲ್ಲಿ ಇಲ್ಲದ ಒಂದು ಧನಾವೇಶವನ್ನು ಹೊತ್ತು ನಿಲ್ಲುತ್ತದೆ. ಬಾಲದ ತುದಿಯನ್ನು ಹಿಡಿಯುವ ಪ್ರೋಟೀನೊಂದರ ಬಂಧನಶಕ್ತಿಯನ್ನು ಅಳೆಯುವವನು ಈ ಒಂದು ಆವೇಶವನ್ನು ಲೆಕ್ಕಕ್ಕೆ ತಂದುಕೊಳ್ಳಬೇಕಾಗುತ್ತದೆ.

ಚೀಟಿಯ ಮೇಲಿನ ‘ಎಚ್3’ ಎಂಬ ಹೆಸರೂ ಅಪೂರ್ಣವಾದುದು. ಮಾನವನ ಎಚ್3.1ಕ್ಕೂ ಎಚ್3.2ಕ್ಕೂ 96ನೆಯ ಸ್ಥಾನವೊಂದರಲ್ಲಿಯೇ ಭೇದ: ಮೊದಲನೆಯದರಲ್ಲಿ ಸಿಸ್ಟೀನು, ಎರಡನೆಯದರಲ್ಲಿ ಸೆರೀನು. ಎಚ್3.3ಕ್ಕೂ ಎಚ್3.1ಕ್ಕೂ ಐದು ಸ್ಥಾನಗಳಲ್ಲಿ ಭೇದ. ಸಿಸ್ಟೀನು ಗಾಳಿಗೆ ಒಡ್ಡಿಕೊಂಡಾಗ ಗಂಧಕದ ಸೇತುವೆಯಿಂದ ಜೋಡಿಯಾಗುವ ಸ್ವಭಾವದ್ದು. ಆದುದರಿಂದ ಪ್ರಯೋಗಶಾಲೆಗಳು ಎಚ್3.2ನ್ನೋ ಎಚ್3.3ನ್ನೋ ಆರಿಸಿ, ಅದರಲ್ಲಿ ಉಳಿಯುವ 110ನೆಯ ಸಿಸ್ಟೀನನ್ನು ಕೂಡ ಅಲನೀನಿಗೆ ಬದಲಾಯಿಸುವುದುಂಟು. ಅನುಕೂಲಕ್ಕೆಂದು ಮಾಡಿದ ಈ ಬದಲಾವಣೆ ಆಕ್ಷೇಪಾರ್ಹವಲ್ಲ. ಲೇಖನದ ಶೀರ್ಷಿಕೆಯಲ್ಲಿ ‘ಮಾನವ ಎಚ್3’ ಎಂದು ಬರೆದು, ಬದಲಾವಣೆಯನ್ನು ವಿಧಾನಭಾಗದ ಮೂಲೆಯಲ್ಲಿ ಅಡಗಿಸುವುದು ಆಕ್ಷೇಪಾರ್ಹ.

ಇನ್ನು ಡಿ.ಎನ್.ಎ. ವಿಚಾರ. 1998ರಲ್ಲಿ ಲೌರಿ ಮತ್ತು ವಿಡಮ್ ಎಂಬವರು ಯಾದೃಚ್ಛಿಕವಾಗಿ ಸಂಶ್ಲೇಷಿಸಿದ ಅಸಂಖ್ಯ ಡಿ.ಎನ್.ಎ. ತುಂಡುಗಳಲ್ಲಿ ಹಿಸ್ಟೋನನ್ನು ಅತ್ಯಂತ ಬಿಗಿಯಾಗಿ ಅಪ್ಪುವುವನ್ನು ಸುತ್ತುಸುತ್ತಾಗಿ ಆರಿಸಿ ತೆಗೆದರು. ಅವುಗಳಲ್ಲಿ ‘601’ ಎಂಬ ಸಂಖ್ಯೆಯ ತುಂಡು ಜಗತ್ತಿನ ಎಲ್ಲ ಪ್ರಯೋಗಶಾಲೆಗಳಿಗೂ ಹಬ್ಬಿತು. ಕಾರಣ ಸ್ಪಷ್ಟವಾಗಿದೆ: ಅದರ ಮೇಲೆ ನ್ಯೂಕ್ಲಿಯೊಸೋಮ್ ಅತ್ತಿತ್ತ ಜಾರದೆ ಒಂದೇ ಸ್ಥಾನದಲ್ಲಿ ನಿಲ್ಲುತ್ತದೆ. ಆದರೆ ಈ ಅನುಕ್ರಮ ಯಾವ ಪ್ರಾಣಿಯ ಜೀನಿನಿಂದಲೂ ಬಂದುದಲ್ಲ. ಕೋಶದ ಸಾಮಾನ್ಯ ಡಿ.ಎನ್.ಎ. ಹಿಸ್ಟೋನನ್ನು ಇಷ್ಟು ಬಿಗಿಯಾಗಿ ಅಪ್ಪಿಕೊಳ್ಳುವುದಿಲ್ಲ. ನ್ಯೂಕ್ಲಿಯೊಸೋಮನ್ನು ಬಿಚ್ಚುವ, ಸರಿಸುವ ಯಂತ್ರದಂಥ ಪ್ರೋಟೀನುಗಳ ವೇಗವನ್ನು ಅಳೆಯುವಾಗ 601ನ್ನೇ ಬಳಸುವುದೆಂದರೆ, ಊರಿನ ಎಲ್ಲ ಬೀಗಗಳ ಲಕ್ಷಣವನ್ನು ತಿಳಿಯಲು ಊರಿನ ಅತ್ಯಂತ ಗಟ್ಟಿಯಾದ ಬೀಗವೊಂದನ್ನೇ ಪರೀಕ್ಷಿಸಿದಂತೆ.

ಇಷ್ಟೆಲ್ಲ ಹೇಳಿದ ಮೇಲೆ, ಇವು ಕೈಕೆಲಸದ ಸೂಕ್ಷ್ಮಗಳು, ತೀರ್ಮಾನಗಳನ್ನು ಇವು ಬದಲಾಯಿಸುತ್ತವೆಯೆ? ಎಂದು ವಾಚಕರು ಕೇಳಬಹುದು. ಬದಲಾಯಿಸಿದುದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇವೆ.

ಎನ್‌ಎಸ್‌ಡಿ2 ಎಂಬುದು ಹಿಸ್ಟೋನಿಗೆ ಮಿಥೈಲ್ ಗುಂಪನ್ನು ಸೇರಿಸುವ ಕಿಣ್ವ. ಬಹುಮಜ್ಜಾರ್ಬುದ, ಎಂದರೆ ಮಲ್ಟಿಪಲ್ ಮೈಲೋಮ ಎಂಬ ರೋಗದ ಒಂದು ಪಂಗಡದಲ್ಲಿ 4 ಮತ್ತು 14ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಈ ಕಿಣ್ವದ ಪ್ರಮಾಣ ಮಿತಿಮೀರಿ ಏರುತ್ತದೆ. ಅದು ಯಾವ ಲೈಸೀನಿನ ಮೇಲೆ ಕೆಲಸಮಾಡುತ್ತದೆ ಎಂಬ ಪ್ರಶ್ನೆಗೆ ಬೇರೆಬೇರೆ ಪ್ರಯೋಗಶಾಲೆಗಳು ಬೇರೆಬೇರೆ ಉತ್ತರ ಕೊಟ್ಟಿದ್ದುವು. 2009ರಲ್ಲಿ ರೈನ್‌ಬರ್ಗ್ ಮೊದಲಾದವರ ಕೆಲಸ ಈ ಗೊಂದಲದ ಮೂಲವನ್ನು ತೋರಿಸಿಕೊಟ್ಟಿತು. ಕಿಣ್ವಕ್ಕೆ ಡಿ.ಎನ್.ಎ. ಇಲ್ಲದ ಹಿಸ್ಟೋನ್ ಅಷ್ಟಕವನ್ನು ಕೊಟ್ಟರೆ ಅದು ಮುಖ್ಯವಾಗಿ ಎಚ್4ರ 44ನೆಯ ಲೈಸೀನನ್ನು ಮಿಥೈಲೀಕರಿಸುತ್ತದೆ. ನ್ಯೂಕ್ಲಿಯೊಸೋಮನ್ನು ಕೊಟ್ಟರೆ ಎಚ್3ರ 36ನೆಯ ಲೈಸೀನನ್ನು. ಹಿಸ್ಟೋನೂ ಕಿಣ್ವವೂ ಅವೇ ಆಗಿರುವಾಗ, ಡಿ.ಎನ್.ಎ. ಸುತ್ತಿಕೊಂಡಿದೆಯೋ ಇಲ್ಲವೋ ಎಂಬುದರ ಮೇಲೆ ಉತ್ತರವೇ ಬೇರೆಯಾಯಿತು. ರೋಗಿಯ ಕೋಶದಲ್ಲಿ ಏರುವುದು ಎಚ್3ರ 36ನೆಯ ಸ್ಥಾನದ ದ್ವಿಮಿಥೈಲೀಕರಣವೆಂದು 2011ರ ಹೊತ್ತಿಗೆ ದೃಢಪಟ್ಟಿತು. ಕಿಣ್ವವನ್ನು ತಡೆಯುವ ಔಷಧವನ್ನು ಹುಡುಕುವವನು ಅಗ್ಗವೆಂದೋ ಸುಲಭವೆಂದೋ ಬಿಡಿ ಹಿಸ್ಟೋನಿನ ಮೇಲೆ ಪರೀಕ್ಷೆ ನಡಸಿದ್ದರೆ, ಅವನ ಎಣಿಕೆಗಳೆಲ್ಲ ರೋಗಕ್ಕೆ ಸಂಬಂಧವಿಲ್ಲದ ಕ್ರಿಯೆಯೊಂದನ್ನು ಅಳೆಯುತ್ತಿದ್ದುವು. ಅಂಕಿಗಳು ನಿಖರವಾಗಿಯೇ ಇರುತ್ತಿದ್ದುವು ಎಂಬುದು ಇದರ ವಿಷಾದಕರವಾದ ಅಂಶ.

ಇದಕ್ಕೆ ಎದುರಾಗಿ ಡಾಟ್1ಎಲ್ ಕಿಣ್ವದ ಕಥೆಯನ್ನು ಇಡಬೇಕು; ಇಲ್ಲದಿದ್ದರೆ ನಮ್ಮ ವಿಮರ್ಶೆ ಪಕ್ಷಪಾತವಾದೀತು. ಅದು ಎಚ್3ರ 79ನೆಯ ಲೈಸೀನನ್ನು ಮಿಥೈಲೀಕರಿಸುತ್ತದೆ, ಬಿಡಿ ಹಿಸ್ಟೋನಿನಲ್ಲಿ ಅಲ್ಲ, ನ್ಯೂಕ್ಲಿಯೊಸೋಮಿನಲ್ಲಿ. ಎಚ್2ಬಿಯ ಮೇಲೆ ಯುಬಿಕ್ವಿಟಿನ್ ಎಂಬ ಸಣ್ಣ ಪ್ರೋಟೀನು ಕುಳಿತಿರುವ ಕಡೆಯಲ್ಲಿ ಈ ಗುರುತೂ ಇರುತ್ತದೆಂದು ಕೋಶಗಳಿಂದ ತಿಳಿದಿತ್ತು. ಒಂದು ಇನ್ನೊಂದಕ್ಕೆ ನೇರವಾಗಿ ಕಾರಣವೆ, ಅಥವಾ ನಡುವೆ ಬೇರೆ ಮಧ್ಯಸ್ಥರಿದ್ದಾರೆಯೆ ಎಂಬುದನ್ನು ಕೋಶದಿಂದ ನಿರ್ಣಯಿಸುವುದು ಸಾಧ್ಯವಿರಲಿಲ್ಲ. 2008ರಲ್ಲಿ ಮೆಕ್‌ಗಿಂಟಿ, ಮುಯಿರ್ ಮೊದಲಾದವರು ಎಚ್2ಬಿಯ 120ನೆಯ ಲೈಸೀನಿಗೆ ಯುಬಿಕ್ವಿಟಿನನ್ನು ರಾಸಾಯನಿಕ ಕೌಶಲದಿಂದ ಜೋಡಿಸಿ, ಬೇರೆ ಯಾವ ಗುರುತೂ ಇಲ್ಲದ ನ್ಯೂಕ್ಲಿಯೊಸೋಮನ್ನು ಕಟ್ಟಿ, ಕಿಣ್ವವು ನೇರವಾಗಿಯೇ ಉತ್ತೇಜಿತವಾಗುತ್ತದೆಂದು ತೋರಿಸಿದರು. ಇಂಥ ಪ್ರಶ್ನೆಗೆ ಕರುವಿನ ಥೈಮಸ್ಸಿನಿಂದ ಎಂದಿಗೂ ಉತ್ತರ ಬರುತ್ತಿರಲಿಲ್ಲ. ಬ್ಯಾಕ್ಟೀರಿಯದ ಹಿಸ್ಟೋನಿನ ‘ಬರಿದುತನ’ವೇ ಇಲ್ಲಿ ಅದರ ಶಕ್ತಿಯಾಯಿತು. ಕಾರಣವನ್ನು ಹುಡುಕುವವನಿಗೆ ಬರಿದಾದ ವಸ್ತು ಬೇಕು. ಕೋಶದಲ್ಲಿ ಏನು ನಡೆಯುತ್ತದೆಂದು ವರ್ಣಿಸುವವನಿಗೆ ಆ ಬರಿದುತನವೇ ಅಡ್ಡಿ.

ಬರಿದಾದ ಹಿಸ್ಟೋನಿಗೆ ಗುರುತುಗಳನ್ನು ಬೇಕಾದಲ್ಲಿ ಇಡುವ ಉಪಾಯಗಳು ಹಲವು ಬಂದಿವೆ. ಬಾಲವನ್ನು ಪ್ರತ್ಯೇಕವಾಗಿ ಸಂಶ್ಲೇಷಿಸಿ ಬ್ಯಾಕ್ಟೀರಿಯದ ಮೈಗೆ ಬೆಸೆಯುವುದು ಒಂದು. 2006ರಲ್ಲಿ ಷೋಗ್ರೆನ್-ನಾಕ್ ಮತ್ತು ಪೀಟರ್‌ಸನ್ ಮೊದಲಾದವರು ಎಚ್4ರ 16ನೆಯ ಲೈಸೀನಿನ ಅಸಿಟೈಲೀಕರಣವೊಂದರಿಂದಲೇ ನ್ಯೂಕ್ಲಿಯೊಸೋಮುಗಳ ಸಾಲು ಮಡಿಸಿಕೊಳ್ಳದೆ ಸಡಿಲವಾಗುತ್ತದೆಂದು ತೋರಿಸಿದುದು ಈ ಮಾರ್ಗದಿಂದ. ಬೆಸುಗೆಯ ಸ್ಥಳದಲ್ಲಿ ಮೂಲದಲ್ಲಿಲ್ಲದ ಸಿಸ್ಟೀನೊಂದು ಉಳಿಯುವುದು ಈ ಮಾರ್ಗದ ಸಾಮಾನ್ಯ ಕಲೆ. 2007ರಲ್ಲಿ ಬಂದ ಇನ್ನೊಂದು ಉಪಾಯ ಬಹು ಜನಪ್ರಿಯವಾಯಿತು: ಲೈಸೀನಿನ ಸ್ಥಾನದಲ್ಲಿ ಸಿಸ್ಟೀನನ್ನಿಟ್ಟು, ಅದಕ್ಕೆ ರಾಸಾಯನಿಕವೊಂದನ್ನು ಅಂಟಿಸಿ, ಮಿಥೈಲ್ ಲೈಸೀನನ್ನು ಹೋಲುವ ಗುಂಪನ್ನು ಮಾಡುವುದು. ಹೋಲುವುದು ಎಂಬ ಮಾತನ್ನು ಮರೆಯಬಾರದು. ಇಂಗಾಲವಿರಬೇಕಾದಲ್ಲಿ ಗಂಧಕವಿರುತ್ತದೆ, ಸರಪಣಿ ತುಸು ಉದ್ದವಾಗುತ್ತದೆ, ತುದಿಯ ಆಮ್ಲಗುಣ ತುಸು ಹೆಚ್ಚುತ್ತದೆ. ಹಿಡಿಯುವ ಪ್ರೋಟೀನು ಈ ವ್ಯತ್ಯಾಸವನ್ನು ಗಮನಿಸುತ್ತದೆಯೋ ಇಲ್ಲವೋ ಎಂಬುದನ್ನು ಪ್ರತಿಯೊಂದರಲ್ಲಿಯೂ ಬೇರೆಯಾಗಿ ಪರೀಕ್ಷಿಸಬೇಕು. ಮೂರನೆಯದಾಗಿ, 2009ರಲ್ಲಿ ನಾಯ್‌ಮನ್ ಮತ್ತು ಚಿನ್ ಮೊದಲಾದವರು ಬ್ಯಾಕ್ಟೀರಿಯದ ಭಾಷಾಂತರ ಯಂತ್ರಕ್ಕೇ ಅಸಿಟೈಲ್ ಲೈಸೀನನ್ನು ಕಲಿಸಿ, ಎಚ್3ರ 56ನೆಯ ಸ್ಥಾನದಲ್ಲಿ ಕಲೆಯಿಲ್ಲದ ನಿಜವಾದ ಗುರುತನ್ನಿಟ್ಟರು. ನಮ್ಮ ದೃಷ್ಟಿಯಲ್ಲಿ ಮೂರರಲ್ಲಿ ಸೊಗಸಾದುದು ಇದೇ.

ಯಾವ ಮಾರ್ಗದಿಂದ ಗುರುತನ್ನಿಟ್ಟರೂ ಸಾಮಾನ್ಯವಾಗಿ ಉಳಿಯುವ ತೊಡಕೊಂದಿದೆ. ನ್ಯೂಕ್ಲಿಯೊಸೋಮಿನಲ್ಲಿ ಎಚ್3 ಎರಡಿವೆ. ಒಂದೇ ನಳಿಕೆಯಿಂದ ಕಟ್ಟಿದಾಗ ಎರಡೂ ಒಂದೇ ಗುರುತನ್ನು ಹೊತ್ತಿರುತ್ತವೆ. 2012ರಲ್ಲಿ ಫಾಯ್ಕ್ಟ್ ಮೊದಲಾದವರು ಕೋಶಗಳಲ್ಲಿ ಒಂದು ಬಾಲ ಗುರುತುಳ್ಳದ್ದಾಗಿ, ಇನ್ನೊಂದು ಇಲ್ಲದ್ದಾಗಿ ಇರುವ ವಿಷಮ ನ್ಯೂಕ್ಲಿಯೊಸೋಮುಗಳೂ ಇವೆಯೆಂದು ತೋರಿಸಿದರು. ಎಚ್3ರ 4ನೆಯ ಲೈಸೀನಿನ ತ್ರಿಮಿಥೈಲೀಕರಣವು ಪಿಆರ್‌ಸಿ2 ಎಂಬ ಕಿಣ್ವಸಮೂಹವನ್ನು ತಡೆಯುತ್ತದೆ ಎಂಬುದು ಎರಡು ಬಾಲಗಳಲ್ಲಿಯೂ ಆ ಗುರುತಿದ್ದಾಗ ನಿಜ. ಒಂದರಲ್ಲಿ ಮಾತ್ರ ಇದ್ದರೆ ತಡೆ ನಿಲ್ಲುವುದಿಲ್ಲ. ಸಮರೂಪದ ನ್ಯೂಕ್ಲಿಯೊಸೋಮನ್ನು ಮಾತ್ರ ಕಟ್ಟಿ ನೋಡಿದವರಿಗೆ ಈ ಭೇದ ಕಾಣುವ ಅವಕಾಶವೇ ಇರಲಿಲ್ಲ.

ಇಲ್ಲಿ ಭಾಷೆಯ ಪ್ರಶ್ನೆಯೊಂದನ್ನು ಎತ್ತುವುದು ಅಪ್ರಸಂಗವಾಗಲಾರದು. 2000ದಲ್ಲಿ ಸ್ಟ್ರಾಲ್ ಮತ್ತು ಆಲಿಸ್ ಹಿಸ್ಟೋನಿನ ಗುರುತುಗಳನ್ನು ‘ಭಾಷೆ’ ಎಂದರು. ಮರುವರ್ಷ ಯೇನುವೈನ್ ಮತ್ತು ಆಲಿಸ್ ‘ಹಿಸ್ಟೋನ್ ಸಂಕೇತ’ವನ್ನು ಪ್ರಸಿದ್ಧಗೊಳಿಸಿದರು. ಅಂದಿನಿಂದ ಗುರುತಿಡುವ ಕಿಣ್ವಕ್ಕೆ ಲೇಖಕನೆಂದೂ, ಹಿಡಿಯುವ ಪ್ರೋಟೀನಿಗೆ ಓದುಗನೆಂದೂ, ತೆಗೆಯುವ ಕಿಣ್ವಕ್ಕೆ ಅಳಿಸುವವನೆಂದೂ ಹೆಸರು. ರೂಪಕವು ಸುಂದರವಾಗಿದೆ, ಅನೇಕ ಸಂಶೋಧನೆಗಳಿಗೆ ದಾರಿಯನ್ನೂ ತೋರಿತು. ಆದರೆ ಸಂಕೇತವೆಂದರೆ ಒಂದು ಗುರುತಿಗೆ ಒಂದು ಅರ್ಥ, ಡಿ.ಎನ್.ಎ.ಯ ತ್ರಿವಳಿಗೆ ಒಂದು ಅಮೈನೊ ಆಮ್ಲವಿರುವಂತೆ. ಹಿಸ್ಟೋನಿನ ಗುರುತಿಗೆ ಅಂಥ ನಿಯತಾರ್ಥವಿಲ್ಲವೆಂಬುದಕ್ಕೆ ಮೇಲಿನ ನಿದರ್ಶನಗಳೇ ಸಾಕು: ಜೊತೆಯ ಬಾಲದಲ್ಲಿ ಏನಿದೆ, ಸುತ್ತ ಡಿ.ಎನ್.ಎ. ಇದೆಯೆ ಎಂಬುದರ ಮೇಲೆ ಫಲ ಬದಲಾಗುತ್ತದೆ. ನಮ್ಮ ಆಲಂಕಾರಿಕರು ವಾಚ್ಯಾರ್ಥವನ್ನು ದಾಟಿದ ವ್ಯಂಗ್ಯಾರ್ಥವು ಸಂದರ್ಭ, ವಕ್ತೃ, ಶ್ರೋತೃಗಳನ್ನು ಅವಲಂಬಿಸುತ್ತದೆಂದು ಸಾವಿರ ವರ್ಷಗಳ ಹಿಂದೆಯೇ ಚರ್ಚಿಸಿದ್ದಾರೆ. ರೂಪಕ ಬೇಕೇ ಬೇಕೆಂದರೆ ಸಂಕೇತಕ್ಕಿಂತ ಧ್ವನಿ ಹೆಚ್ಚು ಹತ್ತಿರದ್ದು. ಈ ಹೋಲಿಕೆಯನ್ನೂ ಹೆಚ್ಚು ಎಳೆಯಬಾರದು. ಸಂಕೇತದ ರೂಪಕವು ಪ್ರಯೋಗಗಳ ಮೇಲೆ ಬೀರಿದ ಪ್ರಭಾವವಂತೂ ಸ್ಪಷ್ಟವಾಗಿದೆ: ಅಕ್ಷರವನ್ನು ಪದದಿಂದ ಕಿತ್ತು ಓದಬಹುದೆಂಬ ಭಾವನೆಯಿಂದ, ಇಪ್ಪತ್ತು ಅಮೈನೊ ಆಮ್ಲಗಳಷ್ಟು ಗಿಡ್ಡವಾದ ಪೆಪ್ಟೈಡುಗಳ ಮೇಲೆ ಬಂಧನಶಕ್ತಿಯನ್ನು ಅಳೆದು, ಅದನ್ನೇ ನ್ಯೂಕ್ಲಿಯೊಸೋಮಿಗೂ ಕೋಶಕ್ಕೂ ಅನ್ವಯಿಸಿದ ಲೇಖನಗಳು ಬಹಳ ಬಂದುವು.

ಬಿಡಿ ನ್ಯೂಕ್ಲಿಯೊಸೋಮಿನಿಂದ ಮೇಲಿನ ಹಂತಕ್ಕೆ ಹೋದಂತೆ ಅಂತರ ಇನ್ನೂ ಹೆಚ್ಚುತ್ತದೆ. ಪುನಸ್ಸಂಯೋಜಿತ ಹಿಸ್ಟೋನು ಮತ್ತು 601ರ ಸಾಲುಗಳಿಂದ 30 ನ್ಯಾನೊಮೀಟರ್ ದಪ್ಪದ ಎಳೆಯನ್ನು ಕಟ್ಟಿ, 2014ರಲ್ಲಿ ಬೀಜಿಂಗಿನ ವಿಜ್ಞಾನಿಗಳು ಅದರ ರಚನೆಯನ್ನು ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಬಿಡಿಸಿದರು. 2017ರಲ್ಲಿ ಮಾನವಕೋಶದ ಒಳಗೇ ನೋಡಿದವರಿಗೆ ಕಂಡದ್ದು 5ರಿಂದ 24 ನ್ಯಾನೊಮೀಟರ್ ದಪ್ಪದ ಅವ್ಯವಸ್ಥಿತವಾದ ಸರಗಳು. 30ರ ಎಳೆ ಅಲ್ಲಿ ಕಾಣಲಿಲ್ಲ. ಇದೇ ರೀತಿ, 2019ರಲ್ಲಿ ರೋಸನ್ನರ ಗುಂಪು ಕಟ್ಟಿದ ಕ್ರೊಮಾಟಿನ್ನು ಉಪ್ಪಿನ ನೀರಿನಲ್ಲಿ ಎಣ್ಣೆಯ ಹನಿಗಳಂತೆ ಬೇರ್ಪಟ್ಟು ಹರಿಯುತ್ತದೆಂದು ವರದಿ ಮಾಡಿತು. 2020ರಲ್ಲಿ ಹೆಂಡ್ಜೆಲ್ ಮತ್ತು ಹ್ಯಾನ್ಸನ್ನರ ಗುಂಪು ಕಟ್ಟಿದ ಕ್ರೊಮಾಟಿನ್ನೂ ಕೋಶದೊಳಗಿನದೂ ಘನವಸ್ತುವಿನಂತೆ ವರ್ತಿಸುತ್ತದೆಂದು ವಾದಿಸಿತು. ದ್ರಾವಣದ ಘಟಕಗಳೇ ಈ ಭೇದಕ್ಕೆ ಬಹುಮಟ್ಟಿಗೆ ಕಾರಣವೆಂಬುದು ಎರಡನೆಯವರ ಅಭಿಪ್ರಾಯ. ಯಾರು ಸರಿಯೆಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಪ್ರನಾಳದಲ್ಲಿ ದೊರೆತ ಫಲವು ಯಾವ ಉಪ್ಪಿನಲ್ಲಿ, ಯಾವ ಡಿ.ಎನ್.ಎ.ಯ ಮೇಲೆ ದೊರೆಯಿತು ಎಂಬುದನ್ನು ಬಿಟ್ಟು ಫಲವನ್ನು ಮಾತ್ರ ಉದ್ಧರಿಸಲಾಗದು ಎಂಬುದಷ್ಟೇ ನಮ್ಮ ವಾದ.

ಶುದ್ಧ ಹಿಸ್ಟೋನಿನ ಒಂದು ಉಪಯೋಗಕ್ಕೆ ಮಾತ್ರ ನಮ್ಮ ಪ್ರಶಂಸೆ ನಿಶ್ಶರ್ತವಾದುದು: ಅಳತೆಗೋಲಾಗಿ. ಹಿಸ್ಟೋನಿನ ಗುರುತುಗಳನ್ನು ಕೋಶದಲ್ಲಿ ಹುಡುಕುವುದು ಪ್ರತಿಕಾಯಗಳಿಂದ. 2011ರಲ್ಲಿ ಇನ್ನೂರಕ್ಕೂ ಹೆಚ್ಚು ಪ್ರತಿಕಾಯಗಳನ್ನು ಪರೀಕ್ಷಿಸಿದಾಗ ಕಾಲುಭಾಗಕ್ಕಿಂತ ಹೆಚ್ಚಿನವು ಗುರಿಯ ನಿರ್ದಿಷ್ಟತೆಯಲ್ಲಿಯೋ ಉಪಯುಕ್ತತೆಯಲ್ಲಿಯೋ ಅನುತ್ತೀರ್ಣವಾದುವು. ಗುರುತಿಲ್ಲದ ಹಿಸ್ಟೋನನ್ನು ಒಂದು ಪಟ್ಟಿಯಲ್ಲಿ, ಗುರುತುಳ್ಳದ್ದನ್ನು ಪಕ್ಕದ ಪಟ್ಟಿಯಲ್ಲಿ ಓಡಿಸಿ ನೋಡುವ ಪರೀಕ್ಷೆ ಅತಿ ಸರಳವಾದುದು, ಬಿ.ಎಸ್‌ಸಿ. ವಿದ್ಯಾರ್ಥಿಯೂ ಮಾಡಬಲ್ಲ. 2015ರಿಂದ ಗುರುತುಳ್ಳ ನ್ಯೂಕ್ಲಿಯೊಸೋಮುಗಳನ್ನು ತಿಳಿದ ಪ್ರಮಾಣದಲ್ಲಿ ಕೋಶದ ಮಾದರಿಗೇ ಬೆರಸಿ, ಪ್ರತಿಕಾಯವು ಎಷ್ಟನ್ನು ಸರಿಯಾಗಿ ಹಿಡಿಯಿತೆಂದು ಲೆಕ್ಕಹಾಕುವ ಪದ್ಧತಿಯೂ ಬಂದಿದೆ. ಇಲ್ಲಿ ಪ್ರೋಟೀನು ‘ಮಾನವ’ವೆಂದು ನಟಿಸಬೇಕಾಗಿಲ್ಲ, ತೂಕದ ಬಟ್ಟಿನಂತೆ ತಾನು ತಾನಾಗಿದ್ದರೆ ಸಾಕು.

ನಮ್ಮ ನಾಡಿನಲ್ಲಿಯೂ ಈ ಕ್ಷೇತ್ರದ ಕೆಲಸ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ಗುಂಪು, ಕರಾವಳಿಯವರು ಪುನರ್ಪುಳಿ ಎಂದೂ ಮಲೆನಾಡಿನವರು ಮುರುಗಲು ಎಂದೂ ಕರೆಯುವ ಹಣ್ಣಿನ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬ ವಸ್ತು ಹಿಸ್ಟೋನನ್ನು ಅಸಿಟೈಲೀಕರಿಸುವ ಕಿಣ್ವಗಳನ್ನು ತಡೆಯುತ್ತದೆಂದು 2004ರಲ್ಲಿ ಪ್ರಕಟಿಸಿತು. ಬಿಡಿ ಹಿಸ್ಟೋನಿನ ಮೇಲೆ ಮಾತ್ರವೇ ನಿಲ್ಲದೆ, ಕಟ್ಟಿದ ಕ್ರೊಮಾಟಿನ್ನಿನ ಪ್ರತಿಲೇಖನದ ಮೇಲೂ ಕೋಶಗಳ ಮೇಲೂ ಪರೀಕ್ಷೆಯನ್ನು ಮುಂದುವರಿಸಿದುದು ಆ ಲೇಖನದಲ್ಲಿ ನಾವು ಮೆಚ್ಚಬೇಕಾದ ಕ್ರಮ. ಅದರ ಹೆಸರನ್ನು ಹೇಳಿ ಹಣ್ಣಿನ ಮಹಿಮೆಯನ್ನು ಹೊಗಳುವವರು ಹೆಚ್ಚು. ಕ್ರಮವನ್ನು ಗಮನಿಸಿದವರು ಕಡಮೆ.

ಸ್ನಾತಕೋತ್ತರ ಪ್ರಬಂಧಗಳ ವಿಧಾನಭಾಗದಲ್ಲಿ ‘ಮಾನವ ಹಿಸ್ಟೋನನ್ನು ಕೊಂಡು ಬಳಸಲಾಯಿತು’ ಎಂಬ ಒಂದೇ ವಾಕ್ಯ ಇರುವುದು ರೂಢಿಯಾಗಿದೆ. ಎಚ್3 ಯಾವ ರೂಪಾಂತರ, ಸಿಸ್ಟೀನನ್ನು ಬದಲಾಯಿಸಿದೆಯೆ, ಶುದ್ಧೀಕರಣದಲ್ಲಿ ಯೂರಿಯ ಬಂದಿತೆ, ಅಖಂಡ ಅಣುವಿನ ತೂಕವನ್ನು ಅಳೆದು ನೋಡಿದರೆ, ಕಿಣ್ವಕ್ಕೆ ಕೊಟ್ಟುದು ಪೆಪ್ಟೈಡೆ, ಅಷ್ಟಕವೆ, ನ್ಯೂಕ್ಲಿಯೊಸೋಮೆ, ಡಿ.ಎನ್.ಎ. 601ರದೆ ಅಥವಾ ಜೀನೊಂದರದೆ, ಎರಡು ಬಾಲಗಳೂ ಸಮವೆ ಎಂಬಿವಕ್ಕೆ ಉತ್ತರ ಬರೆಯಲು ಹತ್ತು ಸಾಲುಗಳು ಸಾಕಾಗುತ್ತವೆ. ಪರೀಕ್ಷಕರು ಮೌಖಿಕ ಪರೀಕ್ಷೆಯಲ್ಲಿ ಮೊದಲು ಕೇಳಬೇಕಾದುದು ಆ ಹತ್ತು ಸಾಲುಗಳನ್ನೇ.